28ರ ಗೆರೆ: ಶ್ರೀನಿವಾಸಪುರ ಕಡೆಯ ಒಂದು ಹತ್ತನೇ ತರಗತಿಯ ಪ್ರಕರಣ

ನಮ್ಮ ಸ್ಟಾಫ್ ರೂಮಿನ ಬೀರು ಬಾಗಿಲಿನ ಒಳಮೈಗೆ ಒಂದು ಚಾರ್ಟ್ ಅಂಟಿಸಿದ್ದೆವು. ಗೋಡೆಗೆ ಅಂಟಿಸಿದರೆ ಮಕ್ಕಳು ನೋಡಿಬಿಡುತ್ತಾರೆ ಅಂತ ಒಳಗಡೆ. ಅದರಲ್ಲಿ ಹತ್ತನೇ ತರಗತಿಯ 34 ಮಕ್ಕಳ ಹೆಸರು ಮೂರು ಬಣ್ಣದಲ್ಲಿತ್ತು. ಹಸಿರು ಅಂದರೆ ಪಾಸ್ ಖಚಿತ. ನೀಲಿ ಅಂದರೆ ತಳ್ಳಿದರೆ ದಾಟುತ್ತಾರೆ. ಕೆಂಪು ಅಂದರೆ ದೇವರೇ ಗತಿ. ಎಷ್ಟು ಜೋಪಾನ ಮಾಡಿದರೂ ಒಂದೇ ವಾರದಲ್ಲಿ ಎಲ್ಲರಿಗೂ ಅವರವರ ಬಣ್ಣ ಗೊತ್ತಾಗಿತ್ತು. ಆಟದ ಬಯಲಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು 'ಲೇ ನೀಲಿ' ಅಂತ ಕೂಗಿದ್ದು ನನ್ನ ಕಿವಿಗೇ ಬಿತ್ತು.

ಇದು 2023-24ನೇ ಸಾಲಿನ ಮಾತು. ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನಾನು ಅಲ್ಲಿ ಗಣಿತ ಹೇಳಿಕೊಡುತ್ತೇನೆ. ಶಾಲೆಯ ಹೆಸರು ಬೇಡ, ಇಂಥ ಶಾಲೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಸುತ್ತಲೂ ಮಾವಿನ ತೋಪು. ಮಕ್ಕಳ ಮನೆಮಾತು ಹೆಚ್ಚಿನಂಶ ತೆಲುಗು, ಶಾಲೆಯ ಪ್ರಥಮ ಭಾಷೆ ಕನ್ನಡ. ಚಾರ್ಟಿನ ನೀಲಿ ಸಾಲಿನಲ್ಲಿದ್ದ ಒಬ್ಬ ಹುಡುಗನ ಸುತ್ತ ಈ ಬರಹ ಹೆಣೆದಿದ್ದೇನೆ. ಅವನ ಹೆಸರನ್ನೂ ಹೇಳುವುದಿಲ್ಲ. ಮೂರನೇ ಬೆಂಚಿನ ಹುಡುಗ ಅಂದರೆ ಸಾಕು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಆಗ ಎಸ್‌ಎಸ್‌ಎಲ್‌ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಮಿಕ್ಕ ಐದು ವಿಷಯಕ್ಕೆ ತಲಾ 100. ಗಣಿತದಲ್ಲಿ ಲಿಖಿತ ಪರೀಕ್ಷೆ 80ಕ್ಕೆ, ಆಂತರಿಕ ಅಂಕ 20. ಲಿಖಿತದಲ್ಲಿ 28 ಬಂದರೆ ಪಾಸ್. ಆಂತರಿಕದ 20ರಲ್ಲಿ 18, 19 ಹಾಕುವುದು ನಮ್ಮಲ್ಲಿ ಮಾಮೂಲು. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಹಾಗಾಗಿ ನಮ್ಮ ಇಡೀ ವರ್ಷ ನಿಂತಿದ್ದು ಆ 28ರ ಮೇಲೆ. ಅದು ಬರೀ ಅಂಕ ಅಲ್ಲ, ನಮ್ಮ ಟೈಂಟೇಬಲ್ಲೇ ಅದು.

ಮಗುವಿಗೆ ಕನಿಷ್ಠ ಇಷ್ಟಾದರೂ ಬರಬೇಕು ಅನ್ನುವ ಮಾತು ಹೊಸದೇನಲ್ಲ. 1991ರಲ್ಲೇ ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ ಕಲಿಕಾ ಮಟ್ಟ ಅಂತ ದೇಶಕ್ಕೆಲ್ಲ ಒಂದು ಪಟ್ಟಿ ಬಂತು. ಅದು ಕಲಿಸುವವರಿಗೆ ಕೊಟ್ಟ ಪಟ್ಟಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಯಾರನ್ನೂ ಫೇಲ್ ಮಾಡಬಾರದು ಅಂದಿತು. 2019ರ ತಿದ್ದುಪಡಿಯಲ್ಲಿ ಐದು ಮತ್ತು ಎಂಟಕ್ಕೆ ಪರೀಕ್ಷೆ ಇಡಬಹುದು ಅಂತಾಯಿತು. ಇಷ್ಟೆಲ್ಲ ಆದರೂ ನಮ್ಮ ಹಳ್ಳಿ ಮಗುವಿಗೆ ನಿಜವಾಗಿ ಎದುರಾಗುವ ಮೊದಲನೇ ಗೇಟು ಹತ್ತನೇ ತರಗತಿಯೇ. ಒಂಬತ್ತು ವರ್ಷ ಯಾರೂ ತಡೆಯುವುದಿಲ್ಲ. ಹತ್ತನೇ ವರ್ಷ ಗೇಟಿನಲ್ಲಿ ನಿಲ್ಲಿಸಿ ಟಿಕೆಟ್ ಕೇಳುತ್ತಾರೆ.

ಆ ವರ್ಷ ಎಂಟು, ಒಂಬತ್ತಕ್ಕೂ ಗೇಟು ಹಾಕಲು ಹೋಗಿ ಆದ ಫಜೀತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. 5, 8, 9 ಮತ್ತು 11ನೇ ತರಗತಿಗೆ ಮಂಡಳಿಯ ಮಟ್ಟದ ಪರೀಕ್ಷೆ ಅಂದರು. ವಿಷಯ ಕೋರ್ಟಿಗೆ ಹೋಯಿತು. ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಅಂದಿತು, ವಿಭಾಗೀಯ ಪೀಠ ನಡೆಸಿ ಅಂದಿತು. 2024ರ ಮಾರ್ಚ್ 11ಕ್ಕೆ ಶುರುವಾದ ಪರೀಕ್ಷೆಯನ್ನು ಮಾರನೇ ದಿನವೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ತಿಂಗಳ ಕೊನೆಗೆ ಮತ್ತೆ ನಡೆಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ಯಾಡು, ಪೆನ್ನು ಹಿಡಿದು ಬಂದು 'ಮಿಸ್, ಇವತ್ತು ಓದಬೇಕಾ ಬೇಡವಾ ಅಷ್ಟು ಹೇಳಿ' ಅಂದಳು. ಅಷ್ಟೂ ನಮಗೆ ಗೊತ್ತಿರಲಿಲ್ಲ.

ಈಗ ಪ್ರಕರಣಕ್ಕೆ ಬರೋಣ.

ಮೂರನೇ ಬೆಂಚಿನ ಹುಡುಗನನ್ನು ನಾನು ಮೊದಲು ಗಮನಿಸಿದ್ದು ಡಿಸೆಂಬರ್‌ನಲ್ಲಿ. ಜೂನ್‌ನಿಂದ ನನ್ನ ಎದುರೇ ಕೂತಿದ್ದ, ಆದರೂ ಡಿಸೆಂಬರ್‌ನಲ್ಲಿ. ಆಗ 'ಪಾಸಿಂಗ್ ಪ್ಯಾಕೇಜ್' ಶುರುವಾಗುತ್ತದೆ. ಗೊತ್ತಿಲ್ಲದವರಿಗೆ ಹೇಳಬೇಕಲ್ಲ: ಇದು ನಿಧಾನವಾಗಿ ಕಲಿಯುವ ಮಕ್ಕಳಿಗೆ ಅಂತ ಮಾಡಿದ ಸಣ್ಣ ಕಿರುಹೊತ್ತಿಗೆ. ಯಾವ ಪ್ರಶ್ನೆ ಪ್ರತಿ ವರ್ಷ ಬರುತ್ತದೋ ಅದಷ್ಟೇ ಅದರಲ್ಲಿರುತ್ತದೆ. ಗಣಿತದಲ್ಲಿ ನಕ್ಷೆ 4 ಅಂಕ. ಥೇಲ್ಸ್ ಪ್ರಮೇಯ ಬಂದರೆ ಇನ್ನೊಂದು 4. ಸರಾಸರಿ, ಮಧ್ಯಾಂಕ, ಬಹುಲಕದಲ್ಲಿ ಒಂದು 3. ಸೂತ್ರಗಳ ಒಂದೊಂದು ಅಂಕ. ಹೀಗೆ ಹೆಕ್ಕಿ ಹೆಕ್ಕಿ ಕೂಡಿದರೆ ಮೂವತ್ತು ದಾಟುತ್ತದೆ. ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಮುಳುಗುವವನಿಗೆ ಹಗ್ಗ ಎಸೆಯುವಾಗ ಈಜು ಕಲಿಸಿಕೊಂಡು ಕೂರುತ್ತಾರಾ ಅಂತ ನಮ್ಮ ಹೆಡ್‌ಮಾಸ್ತರು ಹೇಳುತ್ತಿದ್ದರು. ಅದರಲ್ಲೂ ನಿಜ ಇದೆ.

ಹುಡುಗ ನಕ್ಷೆಯನ್ನು ಎಷ್ಟು ಚೆಂದ ಕಲಿತ ಅಂದರೆ ನನಗೇ ಹೊಟ್ಟೆ ತುಂಬಿತು. ಪ್ಯಾಕೇಜಿನಲ್ಲಿದ್ದ ಲೆಕ್ಕ: ಎಕ್ಸ್ + ವೈ = 5, 2ಎಕ್ಸ್ − ವೈ = 4. ಎರಡು ಕೋಷ್ಟಕ, ಆರು ಬಿಂದು, ಎರಡು ಗೆರೆ, 3 ಮತ್ತು 2ರಲ್ಲಿ ಛೇದ. ಪೆನ್ಸಿಲ್ ಚೂಪು ಮಾಡಿಕೊಂಡು, ಸ್ಕೇಲನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಗೆರೆ ಎಳೆಯುತ್ತಿದ್ದ. ಎಂಟು ನಿಮಿಷ. ಅಕ್ಷಗಳ ತುದಿಗೆ ಬಾಣದ ಗುರುತು ಸಹ ಮರೆಯುತ್ತಿರಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕೇಳಿದ್ದು ಎಕ್ಸ್ + ವೈ = 5 ಮತ್ತು ಎಕ್ಸ್ + 2ವೈ = 6. ಉತ್ತರ 4 ಮತ್ತು 1. ಹುಡುಗ ಎಂದಿನ ಹಾಗೇ ಸೊಗಸಾಗಿ ನಕ್ಷೆ ಬರೆದಿದ್ದ. ಎರಡು ಗೆರೆ 3 ಮತ್ತು 2ರಲ್ಲಿ ಸೇರಿದ್ದವು. ಪ್ರಶ್ನೆ ಬದಲಾಗಿದೆ ಅಂತ ಅವನು ನೋಡಿಯೇ ಇರಲಿಲ್ಲ. ನೋಡಬೇಕು ಅಂತ ನಾನು ಹೇಳಿಯೂ ಇರಲಿಲ್ಲ.

ಪೇಪರ್ ಕೊಡುವಾಗ ಪಕ್ಕಕ್ಕೆ ಕರೆದು ಎರಡನೇ ಸಮೀಕರಣ ಬಿಡಿಸು ಅಂದೆ. ಎಕ್ಸ್ ಸೊನ್ನೆ ಆದರೆ 2ವೈ = 6, ವೈ ಎಷ್ಟು? ತಲೆ ತಗ್ಗಿಸಿ ನಿಂತ. ಆಮೇಲೆ ಮೆಲ್ಲಗೆ 'ಅರ್ಥಂ ಕಾಲೇದು ಮಿಸ್' ಅಂದ. ಅರ್ಥ ಆಗಿಲ್ಲ ಅಂತ ಹೇಳುವಾಗ ಮಾತ್ರ ಅವನು ತೆಲುಗಿಗೆ ಹೋಗುತ್ತಿದ್ದ. ಇನ್ನೂ ಹಿಂದಕ್ಕೆ ಹೋದೆ. 306ನ್ನು 3ರಿಂದ ಭಾಗಿಸು. ಬೋರ್ಡಿನ ಮೇಲೆ ಬರೆದ ಉತ್ತರ 12. ನಡುವಿನ ಸೊನ್ನೆಯನ್ನು ದಾಟಿಕೊಂಡು ಹೋಗಿದ್ದ. 'ತೋಟದಲ್ಲಿ ಮೂವರು ಕೆಲಸ ಮಾಡಿದಿರಿ, 306 ರೂಪಾಯಿ ಬಂತು, ತಲಾ ಎಷ್ಟು?' ಅಂದೆ. ಯೋಚನೆಯೇ ಇಲ್ಲದೆ 'ನೂರಾ ಎರಡು' ಅಂದ. ಹಾಗಾದರೆ ಬೋರ್ಡಿನ ಮೇಲೆ 12 ಯಾಕೆ ಅಂದರೆ, ಅದು ಲೆಕ್ಕ ಮಿಸ್, ಇದು ದುಡ್ಡು ಅಂತ ನಕ್ಕ.

ಅವತ್ತು ಸಂಜೆ ನಾನು ಮಾಡಿದ ಕೆಲಸ ಒಂದೇ. ಹಳೇ ಫೈಲು ಹುಡುಕಿದೆ. ಜೂನ್‌ನಲ್ಲಿ ಸೇತುಬಂಧ ಅಂತ ನಡೆಯುತ್ತದಲ್ಲ, ಹಿಂದಿನ ತರಗತಿಯದ್ದು ಎಷ್ಟು ಬರುತ್ತದೆ ಅಂತ ನೋಡುವ ನೈದಾನಿಕ ಪರೀಕ್ಷೆ. ಅವನ ಹಾಳೆ ಸಿಕ್ಕಿತು. ನನ್ನದೇ ಕೈಬರಹದಲ್ಲಿ ಕೆಂಪು ಶಾಯಿಯ ಟಿಪ್ಪಣಿ: 'ಭಾಗಾಕಾರದಲ್ಲಿ ತೊಂದರೆ ಇದೆ'. ಕೆಳಗೆ ಸಹಿ, ದಿನಾಂಕ. ಆರು ತಿಂಗಳ ಹಿಂದೆ ನಾನೇ ಬರೆದು, ನಾನೇ ಟ್ಯಾಗ್ ಹಾಕಿ, ನಾನೇ ಬೀರುವಿನಲ್ಲಿಟ್ಟಿದ್ದೆ. ಅದೇ ಬೀರು. ಬಾಗಿಲಿನ ಈ ಕಡೆ ಮೂರು ಬಣ್ಣದ ಚಾರ್ಟು, ಆ ಕಡೆ ಶೆಲ್ಫಿನಲ್ಲಿ ಸೇತುಬಂಧದ ಫೈಲು.

ಈ ಪ್ರಕರಣದಲ್ಲಿ ನನಗೆ ಕಂಡ ಮುಖ್ಯ ಸಂಗತಿ ಇದೇ. ಮಗುವಿಗೆ ಏನು ಬರುವುದಿಲ್ಲ ಅಂತ ಹೇಳುವ ಪರೀಕ್ಷೆ ನಮ್ಮ ಹತ್ತಿರ ಇತ್ತು, ಜೂನ್‌ನಲ್ಲೇ ಇತ್ತು, ಸರಿಯಾಗಿಯೇ ಹೇಳಿತ್ತು. ಅದರಿಂದ ಯಾರಿಗೂ ನೋಟಿಸ್ ಬರುವುದಿಲ್ಲ. ಹಾಗಾಗಿ ಯಾರೂ ಅದನ್ನು ತೆರೆದು ನೋಡುವುದಿಲ್ಲ. ನೋಟಿಸ್ ತರುವ ಪರೀಕ್ಷೆ ಮಾರ್ಚ್‌ನಲ್ಲಿದೆ. ಆಗ ಭಾಗಾಕಾರ ಕಲಿಸಲು ಹೊತ್ತಿಲ್ಲ, ನಕ್ಷೆ ಬಾಯಿಪಾಠ ಮಾಡಿಸಲು ಮಾತ್ರ ಹೊತ್ತಿದೆ.

ಅವನು ಆ ಪಾಠ ಎಲ್ಲಿ ಕಳೆದುಕೊಂಡ ಅಂತ ಕೇಳಿದರೆ ಕೊರೊನಾ ಅನ್ನಬಹುದು. 2020-21ರಲ್ಲಿ ಅವನು ಏಳನೇ ತರಗತಿ. ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳೇ ಊರಿಗೆ ಹೋಗಿ ಪಾಠ ಹೇಳುವ ವಿದ್ಯಾಗಮ ಒಂದಷ್ಟು ದಿನ ಮರದ ಕೆಳಗೆ ನಡೆಯಿತು, ಆಮೇಲೆ ಅದೂ ನಿಂತಿತು, ಅಪ್ಪನ ಜೊತೆ ತೋಪಿಗೆ ಹೋದ. ಆದರೆ 306ರ ಭಾಗಾಕಾರ ಏಳನೇ ತರಗತಿಯದ್ದಲ್ಲ. ನಾಲ್ಕರದ್ದು. ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟುವುದು ನಮಗೆ ಸುಲಭ, ಅಷ್ಟೇ.

ಇಲ್ಲಿ ಅಮೆರಿಕದ ಒಂದು ಕೇಸು ನೆನಪಾಗುತ್ತದೆ. 1970ರ ದಶಕದಲ್ಲಿ ಫ್ಲಾರಿಡಾ ರಾಜ್ಯ ಹೈಸ್ಕೂಲ್ ಡಿಪ್ಲೊಮಾಗೆ ಒಂದು ಕನಿಷ್ಠ ಸಾಮರ್ಥ್ಯದ ಪರೀಕ್ಷೆ ಕಡ್ಡಾಯ ಮಾಡಿತು. ಬಿಳಿ ಮಕ್ಕಳಿಗಿಂತ ಕಪ್ಪು ಮಕ್ಕಳು ತೀರಾ ಹೆಚ್ಚಾಗಿ ಫೇಲಾದರು. ಮಕ್ಕಳ ಕಡೆಯವರು ಕೋರ್ಟಿಗೆ ಹೋದರು. 1979ರಲ್ಲಿ ಕೋರ್ಟು ಪರೀಕ್ಷೆ ನಡೆಸಿ, ಆದರೆ ನಾಲ್ಕು ವರ್ಷ ಡಿಪ್ಲೊಮಾ ತಡೆಯಬೇಡಿ ಅಂದಿತು. ಈ ಮಕ್ಕಳ ಮೊದಲ ವರ್ಷಗಳು ಬಣ್ಣ ನೋಡಿ ಬೇರೆ ಮಾಡಿದ ಶಾಲೆಗಳಲ್ಲಿ ಕಳೆದಿದ್ದವು. ಆ ತಪ್ಪಿಗೆ ಮಕ್ಕಳು ದಂಡ ಕಟ್ಟಬಾರದು ಅಂತ. 1981ರಲ್ಲಿ ಮೇಲಿನ ಕೋರ್ಟು, ಪರೀಕ್ಷೆಯಲ್ಲಿ ಕೇಳಿದ್ದನ್ನು ತರಗತಿಯಲ್ಲಿ ನಿಜವಾಗಿ ಕಲಿಸಿದ್ದೀರಾ ಅಂತ ಮೊದಲು ತೋರಿಸಿ ಅಂತ ಸರ್ಕಾರವನ್ನೇ ಕೇಳಿತು. ಮೂರನೇ ಬೆಂಚಿನ ಹುಡುಗನ ವಿಷಯದಲ್ಲಿ ಈ ಪ್ರಶ್ನೆ ನನ್ನನ್ನು ಕೇಳಿದ್ದರೆ? ಪೋರ್ಷನ್ ಮುಗಿಸಿದ್ದೇನೆ ಅಂತ ವರ್ಕ್‌ಡನ್ ಪುಸ್ತಕ ತೋರಿಸುತ್ತಿದ್ದೆ.

ನೀಲಿ ಮಕ್ಕಳಿಗೆ ಇಷ್ಟಾದರೂ ಸಿಕ್ಕಿತು. ಕೆಂಪು ಸಾಲಿನ ಏಳು ಮಕ್ಕಳಿಗೆ ಏನು ಸಿಕ್ಕಿತು ಅಂತ ಬರೆಯಲು ನಾಚಿಕೆಯಾಗುತ್ತದೆ. ಸಂಜೆಯ ವಿಶೇಷ ತರಗತಿಯಲ್ಲಿ ಅವರೂ ಕೂರುತ್ತಿದ್ದರು. ಬಿಸ್ಕತ್ತು ಕೊಡುವಾಗ ಅವರಿಗೂ ಕೊಡುತ್ತಿದ್ದೆವು. ಪ್ರಶ್ನೆ ಕೇಳುತ್ತಿರಲಿಲ್ಲ. 'ನೀವು ಭಾಷೆ ನೋಡ್ಕೊಳ್ಳಿ, ಗಣಿತ ಆಮೇಲೆ ಕಟ್ಟಿದರಾಯ್ತು' ಅಂತ ಅವರಿಗೆ ಹೇಳಿದ್ದು ನಾನೇ. ನಮ್ಮೊಬ್ಬರ ಕೆಟ್ಟ ಬುದ್ಧಿ ಅಂತಲೂ ಅಲ್ಲ ಇದು. ಶಿಕಾಗೊ ಶಾಲೆಗಳ ಬಗ್ಗೆ ಡೆರೆಕ್ ನೀಲ್ ಮತ್ತು ಡಯೇನ್ ಶಾಂಜೆನ್‌ಬಾಕ್ 2010ರಲ್ಲಿ ಬರೆದ ಅಧ್ಯಯನದಲ್ಲೂ ಇದೇ ಇದೆ. ಪಾಸ್ ಗೆರೆಯ ಮೇಲೆ ಶಾಲೆಯನ್ನು ಅಳೆದಾಗ ನಡುವಿನ ಮಕ್ಕಳು ಮೇಲೆ ಬಂದರು, ತೀರಾ ಕೆಳಗಿದ್ದವರು ಇದ್ದಲ್ಲೇ ಉಳಿದರು. ಓದಿದಾಗ ಕಣ್ಣ ಮುಂದೆ ಬಂದಿದ್ದು ನಮ್ಮ ಬೀರು.

ಹಸಿರು ಮಕ್ಕಳದ್ದು ಇನ್ನೊಂದು ಥರ. ಅದರಲ್ಲಿ ಒಬ್ಬಳಿಗೆ ಗಣಿತ ಅಂದರೆ ಪ್ರಾಣ. ಜನವರಿಯಿಂದ ಅವಳನ್ನು ನಾನು ಮೂವರು ನೀಲಿ ಮಕ್ಕಳಿಗೆ 'ಲೀಡರ್' ಮಾಡಿ ಕೂರಿಸಿದೆ. ಒಳ್ಳೇ ಹುಡುಗಿ, ಒಂದು ಮಾತು ಆಡಲಿಲ್ಲ. ಮೂರು ತಿಂಗಳು ಅದೇ ಥೇಲ್ಸ್ ಪ್ರಮೇಯ ಒಪ್ಪಿಸಿಕೊಂಡಳು. ಅವಳಿಗೆ ಹೊಸದಾಗಿ ಒಂದು ಲೆಕ್ಕವನ್ನೂ ನಾನು ಕೊಟ್ಟ ನೆನಪಿಲ್ಲ. ಚಿತ್ರಕಲೆ, ಪಿಟಿ ಪಿರಿಯಡ್‌ಗಳಂತೂ ಡಿಸೆಂಬರ್‌ನಲ್ಲೇ ಹೋದವು. ಪಿಟಿ ಮೇಷ್ಟ್ರು ಬೆಳಗ್ಗೆ ಐದಕ್ಕೆ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುವ ಡ್ಯೂಟಿಗೆ ಬಿದ್ದರು.

ಶಿಕ್ಷಕರ ಕಡೆಯದ್ದನ್ನೂ ಹೇಳಬೇಕು. ನಮ್ಮಲ್ಲಿ ತಲಾ ಐದು ಮಕ್ಕಳನ್ನು 'ದತ್ತು' ತಗೊಂಡಿದ್ದೆವು. ಪದ ದೊಡ್ಡದು. ಕೆಲಸ ಏನಂದರೆ ಸಂಜೆ ಅವರ ಮನೆಗೆ ಹೋಗುವುದು, ಟಿವಿ ಆರಿಸಿ ಅನ್ನುವುದು, ಫೋಟೊ ತೆಗೆದು ಗ್ರೂಪಿಗೆ ಹಾಕುವುದು. ಫೋಟೊ ಹಾಕದಿದ್ದರೆ ಮನೆ ಭೇಟಿ ಆಗಿಲ್ಲ ಅಂತಲೇ ಲೆಕ್ಕ. ವಿಡಿಯೊ ಕಾನ್ಫರೆನ್ಸ್‌ನಲ್ಲಿ ವಿಷಯವಾರು ಶೇಕಡಾವಾರು ಓದುತ್ತಾರೆ. ಗಣಿತ, ವಿಜ್ಞಾನ, ಇಂಗ್ಲಿಷಿನವರು ತಲೆ ತಗ್ಗಿಸುತ್ತೇವೆ, ಹಿಂದಿಯವರು ನೆಮ್ಮದಿಯಾಗಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಹತ್ತು ವರ್ಷದಿಂದ ಒಂದೇ ಡಬ್ಬಿಯ ಚಿತ್ರಾನ್ನ ತಿಂದವರು ಆ ವರ್ಷ ಪರಸ್ಪರ ಪಿರಿಯಡ್ ಕಸಿದುಕೊಳ್ಳಲು ಕಿತ್ತಾಡಿದೆವು. ವಿಜ್ಞಾನಕ್ಕೆ ಬಂದಿದ್ದ ಅತಿಥಿ ಶಿಕ್ಷಕ ಚುರುಕು ಹುಡುಗ. ನಿಂಬೆಹಣ್ಣು, ಅರಿಶಿನ ತಂದು ಆಮ್ಲ, ಪ್ರತ್ಯಾಮ್ಲ ತೋರಿಸುತ್ತಿದ್ದ. ಜನವರಿಯಲ್ಲಿ ಅದನ್ನೆಲ್ಲ ನಿಲ್ಲಿಸಿ ಹೃದಯದ ಚಿತ್ರ ಬರೆಸು ಅಂದರು. ನಿತ್ಯ ಹೃದಯ. ಮಕ್ಕಳು ಕಣ್ಣು ಮುಚ್ಚಿ ಹೃದಯ ಬರೆಯುವ ಹಾಗಾದರು. ಎಡ ಯಾವುದು ಬಲ ಯಾವುದು ಅಂದರೆ ಮಾತ್ರ ಗಲಿಬಿಲಿ.

ಪರೀಕ್ಷೆ ಮಾರ್ಚ್ 25ಕ್ಕೆ ಶುರುವಾಯಿತು. ಆ ವರ್ಷ ಕೊಠಡಿಗಳಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್. ಪರೀಕ್ಷಾ ಕೇಂದ್ರದ ಒಳಗಿನದ್ದನ್ನು ಜಿಲ್ಲಾ ಕೇಂದ್ರದಲ್ಲಿ ಕೂತು ನೋಡುತ್ತಿದ್ದರು. ನಕಲು ನಿಂತಿತು, ಅದು ಒಳ್ಳೇದೇ ಆಯಿತು. ಹಿಂದಿನ ವರ್ಷಗಳ ಅಂಕಿಗಳನ್ನು ನಾವು ಎಷ್ಟು ನಂಬಬೇಕು ಅನ್ನುವುದೂ ಅವತ್ತೇ ಗೊತ್ತಾಯಿತು ಅಲ್ವಾ. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ನಮ್ಮ ಶಾಲೆಯಲ್ಲಿ ಹಿಂದಿನ ವರ್ಷ 32ರಲ್ಲಿ 30 ಮಕ್ಕಳು ಪಾಸಾಗಿದ್ದರು. ಈ ಸಲ 34ರಲ್ಲಿ 23. ಅದರಲ್ಲಿ ಆರು ಜನ ಕೃಪಾಂಕದವರು. ಮೂರನೇ ಬೆಂಚಿನ ಹುಡುಗ ಆ ಆರರಲ್ಲಿ ಒಬ್ಬ.

ನನಗೆ ಕಾರಣ ಕೇಳಿ ನೋಟಿಸ್ ಬಂತು. ಉತ್ತರದಲ್ಲಿ ಏನು ಬರೆದೆ? 'ಮಕ್ಕಳ ಅನಿಯಮಿತ ಹಾಜರಾತಿ, ಪೋಷಕರ ನಿರಾಸಕ್ತಿ'. ಎಲ್ಲರೂ ಬರೆಯುವುದು ಅದನ್ನೇ. ಸೇತುಬಂಧದ ಹಾಳೆಯ ಬಗ್ಗೆ ಬರೆಯುವ ಧೈರ್ಯ ಬರಲಿಲ್ಲ.

ಫೇಲಾದ 11 ಮಕ್ಕಳಿಗೆ ಜೂನ್ 14ರಿಂದ ಪರೀಕ್ಷೆ-2 ಇತ್ತು. ಒಂದೇ ವರ್ಷದಲ್ಲಿ ಮೂರು ಅವಕಾಶ ಕೊಟ್ಟಿದ್ದು ನನ್ನ ಪ್ರಕಾರ ಒಳ್ಳೇ ಕೆಲಸ. ಹಿಂದೆಲ್ಲ ಫೇಲ್ ಅಂದರೆ ವರ್ಷವೇ ಹೋಯಿತು ಅನ್ನುವ ಭಾವನೆ ಇತ್ತು. ಆದರೆ ಜೂನ್ ಅಂದರೆ ನಮ್ಮೂರಲ್ಲಿ ಮಾವು. ಕೊಯ್ಲು, ಲೋಡು, ಮಂಡಿ. ಮಕ್ಕಳನ್ನು ಹುಡುಕಿಕೊಂಡು ತೋಪಿಗೆ ಹೋದೆ. ಒಬ್ಬ ಮರದ ಮೇಲಿದ್ದ, ಕೊಕ್ಕೆ ಹಿಡಿದು. ಕೆಳಗಿಂದಲೇ 'ಹಾಲ್ ಟಿಕೆಟ್ ಬಂದಿದೆ ಕಣೋ' ಅಂತ ಕೂಗಿದೆ. ಅವನ ಅಮ್ಮ, 'ಬಿಡಮ್ಮಾ, ಇನ್ನು ಹದಿನೈದು ದಿನ ಹೋದ್ರೆ ಕೂಲಿ ಸಿಗಲ್ಲ' ಅಂದರು. ಕೆಂಪು ಸಾಲಿನ ಒಬ್ಬ ಹುಡುಗಿ ಆಗಲೇ ಮಾಲೂರು ಕಡೆ ಚಿಕ್ಕಮ್ಮನ ಮನೆಗೆ ಹೋಗಿ ಪಾಲಿಹೌಸಿನಲ್ಲಿ ಹೂವು ಕೀಳುವ ಕೆಲಸಕ್ಕೆ ಸೇರಿದ್ದಳು. 11 ಜನರಲ್ಲಿ ಪರೀಕ್ಷೆ ಬರೆದವರು ಆರು, ಪಾಸಾದವರು ಮೂರು.

ಇಷ್ಟು ಹೇಳಿದ ಮೇಲೆ ಪರೀಕ್ಷೆಯೇ ಬೇಡ ಅನ್ನುತ್ತೇನೆ ಅಂದುಕೊಳ್ಳಬೇಡಿ. ಆ ಮಾರ್ಕ್ಸ್ ಕಾರ್ಡ್ ಬಡವರ ಮನೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಅಂತ ಪಟ್ಟಣದವರಿಗೆ ಗೊತ್ತಾಗುವುದಿಲ್ಲ. ಮೂರನೇ ಬೆಂಚಿನ ಹುಡುಗ ಕೃಪಾಂಕದ ಕಾರ್ಡ್ ಹಿಡಿದುಕೊಂಡೇ ಐಟಿಐ ಫಿಟ್ಟರ್‌ಗೆ ಸೇರಿದ. ಯೂನಿಫಾರ್ಮ್ ಹಾಕಿಕೊಂಡು ಫೋಟೊ ಕಳಿಸಿದ. ಎರಡು ತಿಂಗಳಾದ ಮೇಲೆ ಫೋನ್ ಬಂತು. 'ಮಿಸ್, ವರ್ನಿಯರ್ ಸ್ಕೇಲಿನ ಅಳತೆ ಓದೋಕೆ ಬರ್ತಿಲ್ಲ. ಪಾಯಿಂಟ್ ಆದ್ಮೇಲೆ ಸೊನ್ನೆ ಬಂದ್ರೆ ತಪ್ಪಾಗುತ್ತೆ.' ಅದೇ ಸೊನ್ನೆ. ಭಾನುವಾರ ಮನೆಗೆ ಬಾ ಅಂದೆ. ಮೂರು ಭಾನುವಾರ ಬಂದ. ಕಾಸು, ಕೂಲಿ, ಹಂಚಿಕೆ ಅಂತ ಶುರು ಮಾಡಿ ಬೋರ್ಡಿನ ಲೆಕ್ಕಕ್ಕೆ ಬಂದೆವು. ಅವನು ಕಲಿಯಲು ತಗೊಂಡಿದ್ದು ಹೆಚ್ಚೆಂದರೆ ಐದು ಗಂಟೆ. ಐದು ಗಂಟೆಯನ್ನು ನಾನು ಜೂನ್ 2023ರಲ್ಲಿ ಕೊಡಬಹುದಿತ್ತು ಅನ್ನುವುದು ಈಗಲೂ ಚುಚ್ಚುತ್ತದೆ.

2024-25ರಲ್ಲಿ ಚಾರ್ಟು ತೆಗೆದೆವು. ದೊಡ್ಡ ಸುಧಾರಣೆ ಏನೂ ಮಾಡಲಿಲ್ಲ. ಸೇತುಬಂಧದ ಹಾಳೆಗಳನ್ನು ಫೈಲಿಗೆ ಹಾಕದೆ ನನ್ನ ಮೇಜಿನ ಮೇಲಿಟ್ಟುಕೊಂಡೆ. ಜುಲೈಯಿಂದ ಅಕ್ಟೋಬರ್‌ವರೆಗೆ ದಿನಾ ಪ್ರಾರ್ಥನೆ ಆದ ಮೇಲೆ 20 ನಿಮಿಷ ಭಾಗಾಕಾರ, ಭಿನ್ನರಾಶಿ, ಋಣ ಸಂಖ್ಯೆ. ಹಸಿರು, ಕೆಂಪು ಎಲ್ಲ ಒಟ್ಟಿಗೆ. ಪೋರ್ಷನ್ ಹಿಂದೆ ಬಿತ್ತು. ಹೆಡ್‌ಮಾಸ್ತರು ಎರಡು ಸಲ ಕೇಳಿದರು, ಮೂರನೇ ಸಲ ಸುಮ್ಮನಾದರು. ಡಿಸೆಂಬರ್‌ನಲ್ಲಿ ಪಾಸಿಂಗ್ ಪ್ಯಾಕೇಜನ್ನು ಮತ್ತೆ ಹೊರಗೆ ತೆಗೆದೆವು, ಬಿಡುವ ಧೈರ್ಯ ನನಗೂ ಇಲ್ಲ. ಆದರೆ ನಕ್ಷೆಯ ಲೆಕ್ಕವನ್ನು ಪ್ರತಿ ಸಲ ಸಂಖ್ಯೆ ಬದಲಾಯಿಸಿ ಕೊಟ್ಟೆ. 2025ರಲ್ಲಿ ರಾಜ್ಯದ ಫಲಿತಾಂಶ ಶೇ 62.34. ಹಿಂದಿನ ವರ್ಷದ ಹೆಚ್ಚುವರಿ ಕೃಪಾಂಕ ಇರಲಿಲ್ಲ. ನಮ್ಮಲ್ಲಿ 36ರಲ್ಲಿ 24. ಶೇಕಡಾವಾರು ನೋಡಿದರೆ ಹೆಚ್ಚು ಕಡಿಮೆ ಇದ್ದಲ್ಲೇ ಇದ್ದೇವೆ. ಕೃಪಾಂಕ ಬಿಟ್ಟು ನೋಡಿದರೆ 17 ಇದ್ದದ್ದು 24 ಆಗಿದೆ. ಆ 20 ನಿಮಿಷದಿಂದಲೇ ಆಯಿತು ಅಂತ ನಾನು ಹೇಳಲಾರೆ. ಆ ಬ್ಯಾಚಿನ ಮಕ್ಕಳೇ ಸ್ವಲ್ಪ ಗಟ್ಟಿ ಇದ್ದರು.

2025-26ರಲ್ಲಿ ಗೆರೆಯೇ ಬದಲಾಯಿತು. ಒಟ್ಟು 625ಕ್ಕೆ 206 ಬಂದು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇದ್ದರೆ ಪಾಸ್ ಅಂತಾಯಿತು. ಆದೇಶ ಬಂದ ದಿನ ಸ್ಟಾಫ್ ರೂಮಿನಲ್ಲಿ ಕ್ಯಾಲ್ಕುಲೇಟರ್ ಹೊರಗೆ ಬಂತು. ಯಾರು ಯಾವ ಬಣ್ಣಕ್ಕೆ ಬರುತ್ತಾರೆ ಅನ್ನುವ ಲೆಕ್ಕ ಹತ್ತೇ ನಿಮಿಷದಲ್ಲಿ ಮುಗಿಯಿತು. ಚಾರ್ಟು ಇಲ್ಲದಿದ್ದರೂ ಎಲ್ಲರ ತಲೆಯಲ್ಲಿ ಚಾರ್ಟು ಇತ್ತು.

ಈ ವರ್ಷದ ಸೇತುಬಂಧದಲ್ಲಿ ಎಂಟನೇ ತರಗತಿಗೆ ಸೇರಿದ 31 ಮಕ್ಕಳಲ್ಲಿ 14 ಜನ ಆ ನಡುವಿನ ಸೊನ್ನೆಯನ್ನು ಬಿಟ್ಟಿದ್ದಾರೆ. ಹೆಚ್ಚಿನವರು ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಯಿಂದ ಬಂದವರು. ಹಾಳೆಗಳನ್ನು ತಗೊಂಡು ಅಲ್ಲಿಯ ಮೇಡಂ ಹತ್ತಿರ ಹೋದೆ. ದೂರಲು ಬಂದೆ ಅಂದುಕೊಂಡು ಅವರ ಮುಖ ಸಪ್ಪಗಾಯಿತು. 'ನಾಲ್ಕು, ಐದು ಎರಡನ್ನೂ ಒಂದೇ ಕೋಣೆಯಲ್ಲಿ ನಾನೊಬ್ಬಳೇ ನೋಡ್ಕೋತೀನಿ ಮೇಡಂ' ಅಂದರು. ನಾನು 306 ತೋರಿಸಿದೆ. ಅವರು ತಮ್ಮ ಮೇಜಿನ ಡ್ರಾಯರ್ ಎಳೆದು ತಮ್ಮ ನಾಲ್ಕನೇ ತರಗತಿಯ ಹಾಳೆಗಳನ್ನು ಹೊರಗೆ ಹಾಕಿದರು. ಮೇಲಿನ ಹಾಳೆಯಲ್ಲೇ 408ನ್ನು 4ರಿಂದ ಭಾಗಿಸಿ 12 ಅಂತ ಬರೆದಿತ್ತು. ಬರುವ ಶನಿವಾರ ಅರ್ಧ ದಿನದ ಶಾಲೆ ಮುಗಿಸಿಕೊಂಡು ಇಬ್ಬರೂ ಕೂರುವುದು ಅಂತ ಆಗಿದೆ. ಬಿಡಿ, ಹತ್ತು, ನೂರು ತೋರಿಸುವ ಕಡ್ಡಿ ಕಟ್ಟುಗಳನ್ನು ನಾನು ತರುತ್ತೇನೆ ಅಂದಿದ್ದೇನೆ.